ಗಾಂಜಾ: ಊರು ಬದಲಾದರೆ ಕಾನೂನು ಬದಲಾಗುತ್ತದೆಯೇ?

ರಜೆ ಬಂತೆಂದರೆ ನಮ್ಮ ಕರಾವಳಿಯ ಯುವಜನರ ಪ್ರವಾಸದ ಬಸ್ಸುಗಳು ಘಟ್ಟ ಹತ್ತುತ್ತವೆ. ಬೆಳ್ಳೂರು ಕ್ರಾಸ್, ನಾಗಮಂಗಲ, ಪಾಂಡವಪುರ ದಾಟಿ ಶ್ರೀರಂಗಪಟ್ಟಣ ಸೇರುವುದು ಅನೇಕರಿಗೆ ಪರಿಚಿತ ದಾರಿ. ಇನ್ನು ಕೆಲವು ಮಕ್ಕಳು ಓದು, ಉದ್ಯೋಗಕ್ಕೆಂದು ಅಮೆರಿಕದಲ್ಲಿದ್ದಾರೆ. ‘ಗಾಂಜಾಕ್ಕೆ ಈಗ ಅಲ್ಲಲ್ಲಿ ಅನುಮತಿ ಇದೆಯಂತೆ’ ಎಂಬ ಮಾತು ಎರಡೂ ಕಡೆ ಕೇಳಿಬರುತ್ತಿದೆ. ಈ ಅರೆಬರೆ ತಿಳುವಳಿಕೆಯೇ ಅಪಾಯಕಾರಿ.

ಮೊದಲು ಅಮೆರಿಕವನ್ನು ನೋಡೋಣ. ಕ್ಯಾಲಿಫೋರ್ನಿಯಾದ ಮತದಾರರು 2016ರಲ್ಲಿ, 21 ವರ್ಷ ತುಂಬಿದವರ ಗಾಂಜಾ ಬಳಕೆಗೆ ಒಪ್ಪಿಗೆ ಕೊಟ್ಟರು. ಆದರೆ ಅದೇ ರಾಜ್ಯದೊಳಗಿನ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಕೇಂದ್ರ ಸರಕಾರದ ಆಡಳಿತದಲ್ಲಿದೆ. ಅಲ್ಲಿ ನಡೆಯುವುದು ಕೇಂದ್ರದ ಕಾನೂನು. ಹೊರಗಿನ ಅಂಗಡಿಯಲ್ಲಿ ರಶೀದಿ ಪಡೆದು ಕೊಂಡ ಮೋಜಿನ ಗಾಂಜಾ, ಉದ್ಯಾನದ ಗೇಟು ದಾಟಿದೊಡನೆ ಅಪರಾಧದ ವಸ್ತುವಾಗುತ್ತದೆ. ಮೊದಲ ಬಾರಿ ಇಟ್ಟುಕೊಂಡು ಸಿಕ್ಕಿಬಿದ್ದವರಿಗೂ ಒಂದು ವರ್ಷದವರೆಗೆ ಜೈಲು, ಕನಿಷ್ಠ 1,000 ಡಾಲರ್ ದಂಡ ವಿಧಿಸಲು ಅವಕಾಶವಿದೆ. ವೀಸಾದ ಮೇಲೆ ಇರುವವರಿಗೆ ಮುಂದಿನ ಪ್ರವೇಶಕ್ಕೂ ತೊಡಕಾಗಬಹುದು.

ನಮ್ಮ ದೇಶದಲ್ಲಿ ಇಂಥ ಎರಡು ಬಗೆಯ ನೆಲವಿಲ್ಲ. 1985ರ ಮಾದಕ ವಸ್ತುಗಳ ಕಾಯ್ದೆ ದೇಶಕ್ಕೆಲ್ಲ ಒಂದೇ. ಶ್ರೀರಂಗಪಟ್ಟಣದ ದರಿಯಾ ದೌಲತ್ ಕೇಂದ್ರದ ಪುರಾತತ್ವ ಇಲಾಖೆಗೆ ಸೇರಿದ್ದು, ರಂಗನತಿಟ್ಟು ರಾಜ್ಯದ ಅರಣ್ಯ ಇಲಾಖೆಗೆ, ದೇವಲಾಪುರದ ಹೊಲದ ಬದು ರೈತನಿಗೆ. ಮೂರೂ ಕಡೆ ಗಾಂಜಾ ಅಪರಾಧವೇ. ಒಂದು ಕಿಲೋವರೆಗಿನದನ್ನು ಕಾಯ್ದೆ ‘ಅಲ್ಪ ಪ್ರಮಾಣ’ ಎನ್ನುತ್ತದೆ ನಿಜ. ಆದರೆ ಅಲ್ಪವೆಂದರೆ ಅನುಮತಿಯಲ್ಲ. ಅಷ್ಟನ್ನು ಇಟ್ಟುಕೊಂಡರೂ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೇದಿದ್ದಕ್ಕೆ ಆರು ತಿಂಗಳವರೆಗೆ ಸಜೆ ಇಲ್ಲವೇ ದಂಡ. ಸಾಗಿಸಿದ ವಾಹನವನ್ನೂ ಮುಟ್ಟುಗೋಲು ಹಾಕಿಕೊಳ್ಳಬಹುದು.

ಶಿಕ್ಷೆಯ ಭಯವೊಂದೇ ಸಾಕೆಂದು ನಾವು ಭಾವಿಸುವುದಿಲ್ಲ. ಇದೇ ಕಾಯ್ದೆಯ 64ಎ ಕಲಮು ಬಹುಮಂದಿಗೆ ತಿಳಿದಿಲ್ಲ. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ, ಅವನನ್ನು ವಿಚಾರಣೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಮಾನ ಹೋದೀತೆಂದು ಮಗನ ಚಟವನ್ನು ಮುಚ್ಚಿಡುವ ಹೆತ್ತವರು ಈ ಬಾಗಿಲನ್ನು ತಾವೇ ಮುಚ್ಚಿದಂತಾಗುತ್ತದೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 14446 ಇದೆ.

ಬಸ್ಸು ಹೊರಡುವ ಮುನ್ನ ಊಟ, ತಿಂಡಿ, ವಸತಿಯ ಬಗ್ಗೆ ಸಂಘಟಕರು ಹೇಳಿಯೇ ಹೇಳುತ್ತಾರೆ. ಈ ವಿಷಯಕ್ಕೂ ಐದು ನಿಮಿಷ ಮೀಸಲಿಡಲಿ. ವಿದೇಶದಲ್ಲಿರುವ ಮಕ್ಕಳಿಗೆ ಹೆತ್ತವರು ಫೋನಿನಲ್ಲಿ ಈ ಮಾತನ್ನು ತಿಳಿಸಲಿ. ಸಿಕ್ಕಿಬಿದ್ದ ಮೇಲೆ ವಕೀಲರನ್ನು ಹುಡುಕುವುದಕ್ಕಿಂತ ಇದು ಸುಲಭ.