ಸ್ವಿಚ್ ಹಾಕೋಕೆ ಒಬ್ಬ ಹುಡುಗ

ನಿಮ್ಮ ಆಫೀಸಿನ ಸರ್ವರ್ ರೂಮಿಗೆ ಒಂದ್ಸಲ ಹೋಗಿ ನೋಡಿ. ರ‍್ಯಾಕಿನ ಬಾಗಿಲಿಗೆ ಸೆಲ್ಲೋಟೇಪ್ ಹಚ್ಚಿ ಅಂಟಿಸಿದ ಒಂದು ಹಾಳೆ ಇದ್ದರೆ, ಅದರ ಮೇಲೆ ‘ಕರೆಂಟ್ ಹೋಗಿ ಬಂದಾಗ ಈ ಕ್ರಮದಲ್ಲಿ ಆನ್ ಮಾಡಿ’ ಎಂದು ಬರೆದಿದ್ದರೆ, ಈ ಲೇಖನ ನಿಮಗಾಗಿಯೇ. ಕೋಪ ಬಂದರೆ ಬರಲಿ. ಅಂಥದ್ದೊಂದು ಹಾಳೆಯನ್ನು ನಾನೂ ಬರೆದಿದ್ದೆ. ದುಂಡಗಿನ ಅಕ್ಷರದಲ್ಲಿ, ಮುಖ್ಯವಾದ ಸಾಲಿಗೆ ಕೆಂಪು ಗೆರೆ ಎಳೆದು.

ಕೆಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಸಣ್ಣ ಕಂಪೆನಿ, ಹೆಸರು ಬೇಡ. ಒಂದೇ ದೊಡ್ಡ ಲಿನಕ್ಸ್ ಯಂತ್ರ, ಅದರೊಳಗೆ ಕೆವಿಎಂ ಮೇಲೆ ಐದು ವರ್ಚುವಲ್ ಮಶೀನುಗಳು: ಡೇಟಾಬೇಸ್, ಅಪ್ಲಿಕೇಶನ್, ಮೇಲ್, ಫೈಲ್ ಸರ್ವರ್, ಮತ್ತೆ ಅಕೌಂಟ್ಸ್‌ನವರ ವಿಂಡೋಸ್. ಅದನ್ನೆಲ್ಲ ಜೋಡಿಸಿದವನು ನಾನು. ಐದೂ ಓಡಿದವು, ಎಲ್ಲರೂ ಬೆನ್ನು ತಟ್ಟಿದರು, ನಾನೂ ಉಬ್ಬಿದೆ. ‘ಹೋಸ್ಟ್ ರೀಬೂಟ್ ಆದ್ರೆ?’ ಅಂತ ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನೇ. ಕೇಳುವ ಬದಲು ಹಾಳೆ ಬರೆದು ಅಂಟಿಸಿದೆ.

ಒಂದು ಶನಿವಾರ ಸಂಜೆ ಜೋರು ಮಳೆ. ನಾನು ಅಕ್ಕನ ಮಗಳ ನಾಮಕರಣಕ್ಕೆ ಊರಿಗೆ ಹೋಗಿದ್ದೆ. ಇಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಇಪ್ಪತ್ತು ನಿಮಿಷ ಕೀಂಯ್ ಕೀಂಯ್ ಅಂದು ಸತ್ತಿತು. ಅದರ ಜೊತೆ ಹೋಸ್ಟೂ ಹೋಯ್ತು, ಒಳಗಿದ್ದ ಐದೂ ಹೋದವು. ಕರೆಂಟ್ ಬಂದಾಗ ಹೋಸ್ಟ್ ತಾನಾಗೇ ಎದ್ದು ಕೂತಿತು, ಒಳಗಿನವು ಏಳಲಿಲ್ಲ. ನಮ್ಮ ಟೀಮಿಗೆ ಸೇರಿ ಇನ್ನೂ ನಾಲ್ಕು ತಿಂಗಳಾಗಿದ್ದ ಹುಡುಗನಿಗೆ ಫೋನ್ ಹೋಯ್ತು. ಅವನು ಯಲಹಂಕದಿಂದ ಬೈಕಿನಲ್ಲಿ ನೆನೆದುಕೊಂಡು ಬಂದ. ನನ್ನ ಹಾಳೆ ನೋಡಿ ಒಂದೊಂದಾಗಿ ಆನ್ ಮಾಡಿದ. ಡೇಟಾಬೇಸ್ ಮಶೀನು ಡಿಸ್ಕ್ ಪರೀಕ್ಷೆ ಮಾಡುತ್ತಾ ಕೂತುಬಿಟ್ಟಿತು. ‘ಎಷ್ಟು ಹೊತ್ತು ಕಾಯಬೇಕು’ ಅಂತ ನನ್ನ ಹಾಳೆಯಲ್ಲಿ ಇರಲಿಲ್ಲ. ಹ್ಯಾಂಗ್ ಆಗಿದೆ ಅಂದುಕೊಂಡು ಅವನು ಅದನ್ನು ಬಲವಂತವಾಗಿ ಆರಿಸಿ ಮತ್ತೆ ಹೊತ್ತಿಸಿದ.

ಭಾನುವಾರ ನಾನು ಬಂದು ನೋಡಿದಾಗ ಸಂಬಳದ ಲೆಕ್ಕದ ಟೇಬಲ್ ಕೆಟ್ಟಿತ್ತು. ಅದು ಹಳೆಯ ಮೈಐಎಸ್ಎಎಂ ಟೇಬಲ್. ಬರೆಯುವ ಮಧ್ಯೆ ಜೀವ ಹೋದರೆ ತಾನಾಗೇ ಸುಧಾರಿಸಿಕೊಳ್ಳುವ ಜಾತಿಯದ್ದಲ್ಲ. ಶುಕ್ರವಾರ ರಾತ್ರಿಯ ಬ್ಯಾಕಪ್ ಹಾಕಿದೆವು. ಶನಿವಾರದ ನಮೂದುಗಳನ್ನೆಲ್ಲ ಅಕೌಂಟ್ಸ್‌ನ ಮೇಡಂ ಸೋಮವಾರ ಮತ್ತೆ ಟೈಪ್ ಮಾಡಿದರು. ಅವತ್ತಿನ ಮೀಟಿಂಗ್‌ನಲ್ಲಿ ಬೈಸಿಕೊಂಡಿದ್ದು ಆ ಹುಡುಗ. ‘ಲಿಸ್ಟ್ ಇತ್ತಲ್ಲಪ್ಪ, ನೋಡ್ಕೊಂಡು ಮಾಡೋಕೆ ಏನು ಕಷ್ಟ?’ ಅಂದರು. ನಾನು ಅಲ್ಲೇ ಕೂತಿದ್ದೆ. ಬಾಯಿ ಬಿಡಲಿಲ್ಲ.

ಆ ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತೆ. ಯಾಕೆಂದರೆ ಟೇಬಲ್ ಕೆಟ್ಟಿದ್ದು ಅವನು ಆರಿಸಿದಾಗಲೋ ಯುಪಿಎಸ್ ಸತ್ತಾಗಲೋ ಯಾರಿಗೂ ಗೊತ್ತಿರಲಿಲ್ಲ. ನನ್ನ ಅನುಮಾನ ಮೊದಲಿನಿಂದಲೂ ಯುಪಿಎಸ್ ಮೇಲೇ. ಯಂತ್ರ ತಾನೇ ಮಾಡಬೇಕಾದ ಕೆಲಸಕ್ಕೆ ನಾನೊಬ್ಬ ಮನುಷ್ಯನನ್ನು ನೇಮಿಸಿ, ತಪ್ಪಾದಾಗ ಅವನ ತಲೆಗೇ ಕಟ್ಟಿದೆ. ಇದು ಬರೀ ಸೋಮಾರಿತನ ಅಲ್ಲ ಕಣ್ರೀ, ಇದು ಅನ್ಯಾಯ.

ಹಾಗಂತ ಆ ಕೆಲಸವೇನು ದೊಡ್ಡದೇ? ಕೆವಿಎಂ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2007ರಲ್ಲಿ, 2.6.20 ಆವೃತ್ತಿಯಲ್ಲಿ. ಅದನ್ನು ನಡೆಸುವ ಲಿಬ್‌ವರ್ಟ್‌ನಲ್ಲಿ ‘ವರ್ಶ್ ಆಟೋಸ್ಟಾರ್ಟ್’ ಎಂದು ಬರೆದು ಮಶೀನಿನ ಹೆಸರು ಕೊಟ್ಟರೆ ಮುಗಿಯಿತು, ಹೋಸ್ಟ್ ಎದ್ದಾಗ ಅದೂ ಏಳುತ್ತೆ. ಒಂದು ಸಾಲು. ವರ್ಚುವಲ್‌ಬಾಕ್ಸ್ ಬಳಸೋರು ಹಿಂದೆಲ್ಲ ಇದಕ್ಕಾಗಿ ಸ್ವಂತ ಸ್ಕ್ರಿಪ್ಟ್ ಹೆಣೆಯುತ್ತಿದ್ದರು. 2012ರ 4.2 ಆವೃತ್ತಿಯಿಂದ ಅದರಲ್ಲೂ ಆಟೋಸ್ಟಾರ್ಟ್ ಇದೆ.

‘ಅಯ್ಯೋ, ಅದನ್ನ ನಾವು ಹಾಕಿದ್ದೀವಿ’ ಅಂತೀರಾ? ಸಂತೋಷ. ಅರ್ಧ ಕೆಲಸ ಆಗಿದೆ, ಅದೂ ಸುಲಭದ ಅರ್ಧ. ಹುಟ್ಟಿಸೋಕೆ ಎಲ್ಲರೂ ಮುಂದೆ, ಮಲಗಿಸೋಕೆ ಯಾರೂ ಇಲ್ಲ. ಡೇಟಾ ಹಾಳಾಗುವುದು ಹೆಚ್ಚಾಗಿ ನಿಲ್ಲುವಾಗ.

ಹೋಸ್ಟ್ ಆರುವ ಮೊದಲು ಒಳಗಿನ ಮಶೀನುಗಳಿಗೆ ‘ಮಲಗ್ರಪ್ಪಾ’ ಅಂತ ಹೇಳಲು ಲಿಬ್‌ವರ್ಟ್-ಗೆಸ್ಟ್ಸ್ ಎಂಬ ಸರ್ವಿಸ್ ಇದೆ. ಅದರ ಕಡತ ಒಂದೇ ಪುಟದ್ದು. ರೆಡ್‌ಹ್ಯಾಟ್ ಬಳಗದಲ್ಲಿ ಸಿಸ್‌ಕಾನ್ಫಿಗ್ ಫೋಲ್ಡರಿನಲ್ಲಿ, ಡೆಬಿಯನ್ ಬಳಗದಲ್ಲಿ ಡೀಫಾಲ್ಟ್ ಫೋಲ್ಡರಿನಲ್ಲಿ ಸಿಗುತ್ತೆ. ಎರಡು ದಾರಿ ಕೊಡುತ್ತೆ. ಒಂದು ಸಸ್ಪೆಂಡ್: ಮಶೀನಿನ ಮೆಮೊರಿಯನ್ನೆಲ್ಲ ಡಿಸ್ಕಿಗೆ ಬರೆದು, ಆಮೇಲೆ ಅಲ್ಲಿಂದಲೇ ಮುಂದುವರಿಸುವುದು. ಕೇಳೋಕೆ ಚೆಂದ. ಆದರೆ 16 ಜಿಬಿ ಮೆಮೊರಿಯ ಮಶೀನನ್ನು ಬರೆಯೋಕೆ ಜಾಗ ಬೇಕು, ಹೊತ್ತು ಬೇಕು. ಎದ್ದ ಮೇಲೆ ಅದರ ಗಡಿಯಾರ ಹಿಂದೆ ಬಿದ್ದಿರಬಹುದು, ನೆಟ್‌ವರ್ಕ್ ಸಂಪರ್ಕಗಳು ಕಡಿದಿರಬಹುದು. ಇನ್ನೊಂದು ಶಟ್‌ಡೌನ್: ಪವರ್ ಬಟನ್ ಒತ್ತಿದಂತೆ ಎಸಿಪಿಐ ಸಂಕೇತ ಕಳಿಸಿ, ಮಶೀನು ತಾನೇ ಅಚ್ಚುಕಟ್ಟಾಗಿ ಆರಲು ಬಿಡುವುದು. ಡೇಟಾಬೇಸ್ ಇದ್ದಲ್ಲಿ ನನ್ನ ಓಟು ಎರಡನೆಯದಕ್ಕೆ.

ಇಲ್ಲೂ ಒಂದು ಹೊಂಡ ಇದೆ. ಸಂಕೇತ ಕಳಿಸಿದ ಮಾತ್ರಕ್ಕೆ ಮಶೀನು ಕೇಳುತ್ತೆ ಅಂತಿಲ್ಲ. ಒಳಗೆ ಅದನ್ನು ಆಲಿಸುವವರೇ ಇಲ್ಲದಿದ್ದರೆ ಅದು ತಣ್ಣಗೆ ಓಡುತ್ತಲೇ ಇರುತ್ತೆ. ಆದ್ದರಿಂದ ಲಿಬ್‌ವರ್ಟ್-ಗೆಸ್ಟ್ಸ್ ಇಷ್ಟು ಹೊತ್ತು ಕಾಯುತ್ತೇನೆ ಅಂತ ಗಡುವು ಇಟ್ಟುಕೊಂಡಿರುತ್ತೆ. ಸಾಮಾನ್ಯವಾಗಿ ಕಾಣುವ ಗಡುವು 300 ಸೆಕೆಂಡ್. ಒಂದಾದ ಮೇಲೆ ಒಂದು ಆರಿಸುವಂತಿದ್ದರೆ ಪ್ರತಿ ಮಶೀನಿಗೂ ಅಷ್ಟು. ನಮ್ಮ ಐದು ಮಶೀನಿಗೆ ಲೆಕ್ಕ ಹಾಕಿ: ಕೆಟ್ಟ ದಿನದಲ್ಲಿ 25 ನಿಮಿಷ. ಯುಪಿಎಸ್ ಕೊಡೋದು 20. ಈ ಕೂಡಿಸುವ ಲೆಕ್ಕವನ್ನು ನಾನು ಮಾಡಿರಲಿಲ್ಲ. ನೀವು ಮಾಡಿದ್ದೀರಾ?

ಈಗ ಸಬೂಬುಗಳಿಗೆ ಬರೋಣ. ‘ನಮ್ಮಲ್ಲಿ ಯುಪಿಎಸ್ ಇದೆ ಸಾರ್.’ ಯುಪಿಎಸ್ ಅಂದರೆ ನಿಮಗೆ ಸಿಕ್ಕ ಒಂದಷ್ಟು ನಿಮಿಷ, ಅಷ್ಟೇ. ‘ಬ್ಯಾಟರಿ ಮುಗೀತಾ ಬಂತು’ ಅಂತ ಅದು ಹೋಸ್ಟಿಗೆ ಹೇಳಬೇಕು, ಹೋಸ್ಟ್ ಕೇಳಬೇಕು. ಅದಕ್ಕೆ ಒಂದು ಕೇಬಲ್ಲು ಮತ್ತು ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ತಂತ್ರಾಂಶ ಸಾಕು. ನಮ್ಮ ಕೇಬಲ್ಲು ಡಬ್ಬದಿಂದ ಹೊರಗೇ ಬಂದಿರಲಿಲ್ಲ.

‘ನಮ್ಮ ಸರ್ವರ್ 400 ದಿನದಿಂದ ಆಫೇ ಆಗಿಲ್ಲ.’ ಇದನ್ನು ಎದೆ ತಟ್ಟಿ ಹೇಳೋರನ್ನು ಕಂಡರೆ ನನಗೆ ಭಯ. ನಿಮ್ಮ ಕರ್ನಲ್ ಬಹುಶಃ 400 ದಿನ ಹಳೆಯದು. ಆಮೇಲೆ ಆ ಯಂತ್ರ ಮತ್ತೆ ಸರಿಯಾಗಿ ಏಳುತ್ತಾ ಅನ್ನೋದು 400 ದಿನದಿಂದ ಯಾರಿಗೂ ಗೊತ್ತಿಲ್ಲ.

ಮೂರನೆಯ ಮಾತಿಗೆ ಮಾತ್ರ ತೂಕ ಇದೆ: ‘ಎಲ್ಲ ತಾನಾಗೇ ಎದ್ದರೆ ಅಪಾಯ, ಮನುಷ್ಯ ನೋಡಿ ಎಬ್ಬಿಸಬೇಕು.’ ಒಪ್ಪಿದೆ. ಎರಡು ಹೋಸ್ಟ್ ಒಂದೇ ಡಿಸ್ಕ್ ಹಂಚಿಕೊಂಡಿದ್ದು, ಒಂದೇ ಮಶೀನು ಎರಡೂ ಕಡೆ ಎದ್ದರೆ ಆ ಡಿಸ್ಕ್ ಚಿಂದಿ. ಅಂಥ ಕಡೆ ಆಟೋಸ್ಟಾರ್ಟ್ ಬೇಡ, ಅದಕ್ಕೆ ಕ್ಲಸ್ಟರ್ ತಂತ್ರಾಂಶವೇ ಬೇಕು. ಕ್ರಮ ಮುಖ್ಯವಾದ ಕಡೆ ಲಿಬ್‌ವರ್ಟ್‌ನ ಆ ಗುರುತೊಂದೇ ಸಾಲದು, ಯಾರು ಮೊದಲು ಯಾರು ಆಮೇಲೆ ಅನ್ನೋದು ಅದರಲ್ಲಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಪ್ರತಿ ಮಶೀನಿಗೂ ಕ್ರಮಸಂಖ್ಯೆ ಕೊಡಬಹುದು, ನಡುವೆ ಎಷ್ಟು ಸೆಕೆಂಡ್ ಅಂತ ಹೇಳಬಹುದು. ನಿಲ್ಲಿಸುವಾಗ ಅದು ಅದೇ ಕ್ರಮವನ್ನು ತಿರುಗಿಸಿ ನಿಲ್ಲಿಸುತ್ತೆ. ಆದರೆ ನಿಜ ಹೇಳಿ, ನಿಮ್ಮ ರ‍್ಯಾಕಿನ ಮೇಲಿನ ಹಾಳೆ ಹೀಗೆಲ್ಲ ಯೋಚಿಸಿ ಬರೆದದ್ದೇ? ನನ್ನದಂತೂ ಅಲ್ಲ. ಶುಕ್ರವಾರ ಸಂಜೆ ಬೇಗ ಮನೆಗೆ ಹೋಗೋಕೆ ಬರೆದದ್ದು.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆ ಘಟನೆ ಆದ ವಾರವೇ ನಾನು ಎಲ್ಲವನ್ನೂ ಸರಿಮಾಡಿದೆ. ಹಿಡಿದದ್ದು ಒಂದು ಮಧ್ಯಾಹ್ನ. ನಾಲ್ಕು ಮಶೀನು ಸಂಕೇತಕ್ಕೆ ಓಗೊಟ್ಟವು. ವಿಂಡೋಸ್ ಮಾತ್ರ ಯಾರೂ ಲಾಗಿನ್ ಆಗದಿದ್ದಾಗ ಆರಲು ಒಪ್ಪಲಿಲ್ಲ, ಅದರ ಭದ್ರತಾ ಸೆಟ್ಟಿಂಗ್ ಬದಲಿಸಬೇಕಾಯ್ತು. ಇದು ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ, ಬೇಕಂತಲೇ ಹೋಸ್ಟನ್ನು ರೀಬೂಟ್ ಮಾಡಿ ಪಕ್ಕದಲ್ಲಿ ಕೂತು ನೋಡಿದಾಗ.

ನಿಮಗೂ ಅದನ್ನೇ ಹೇಳುತ್ತೇನೆ. ಈ ವಾರ ಒಂದು ದಿನ, ಹಗಲು ಹೊತ್ತಲ್ಲಿ, ಬ್ಯಾಕಪ್ ತೆಗೆದುಕೊಂಡು, ಎಲ್ಲರಿಗೂ ತಿಳಿಸಿ, ಹೋಸ್ಟನ್ನು ರೀಬೂಟ್ ಮಾಡಿ. ಕೀಬೋರ್ಡ್ ಮುಟ್ಟಬೇಡಿ. ಯಾವುದು ಏಳಲಿಲ್ಲ, ಯಾವುದು ಮಲಗಲು ಹಟ ಮಾಡಿತು ಅಂತ ಬರೆದುಕೊಳ್ಳಿ, ಸರಿಮಾಡಿ, ಇನ್ನೊಂದ್ಸಲ ಮಾಡಿ. ಯಾರೂ ಕೈ ಹಾಕದೆ ಎಲ್ಲವೂ ಮಲಗಿ ಎದ್ದ ದಿನ ಆ ಹಾಳೆಯನ್ನು ಕಿತ್ತು ಹಾಕಿ.

ಆ ಹುಡುಗ ಆರು ತಿಂಗಳಾದ ಮೇಲೆ ಬೇರೆ ಕಡೆ ಕೆಲಸ ಹಿಡಿದು ಹೋದ. ಕಾರಣ ಕೇಳುವ ಧೈರ್ಯ ನನಗೆ ಬರಲಿಲ್ಲ. ತಪ್ಪು ನಿನ್ನದಲ್ಲ ಮಾರಾಯ, ನನ್ನದು ಅಂತ ಅವತ್ತಿನ ಮೀಟಿಂಗ್‌ನಲ್ಲಿ ಹೇಳಬೇಕಿತ್ತು. ಈಗ ಇಲ್ಲಿ ಹೇಳುತ್ತಿದ್ದೇನೆ.