ರಸ್ತೆ ಕಣವಲ್ಲ

ಮಕ್ಕಳೇ, ಚಳಿಗಾಲ ಬಂತೆಂದರೆ ಉಮ್ಮತ್ತೂರಿನ ಸುತ್ತಮುತ್ತ ಹುರುಳಿ, ರಾಗಿಯ ಒಕ್ಕಣೆ. ಫಸಲನ್ನು ಡಾಂಬರು ರಸ್ತೆಯ ಮೇಲೆ ಹರಡುವುದನ್ನು ನೀವು ನೋಡಿರಬಹುದು. ಬಸ್ಸು, ಕಾರು ಓಡಾಡಿದರೆ ಒಕ್ಕಣೆ ಪುಕ್ಕಟೆ! ಆದರೆ ಅದರ ಬೆಲೆ ತೆರುವವರು ಯಾರು?

ಒಂದು ಪ್ರಯೋಗ ಮಾಡಿ. ಮೇಜಿನ ಮೇಲೆ ಪುಸ್ತಕವಿಟ್ಟು ಬೆರಳಿನಿಂದ ತಳ್ಳಿ. ಬಳಿಕ ಅದರಡಿ ಒಂದು ಹಿಡಿ ರಾಗಿ ಹರಡಿ ತಳ್ಳಿ. ಸರ್ರನೆ ಜಾರಿತಲ್ಲವೇ? ಕಾಳು ಉರುಳಿ ಘರ್ಷಣೆ ಕಡಿಮೆಯಾಯಿತು. ಟೈರಿಗೂ ಡಾಂಬರಿಗೂ ನಡುವೆ ಕಾಳು, ಹುಲ್ಲು ಸೇರಿದಾಗಲೂ ಹೀಗೆಯೇ. ಬ್ರೇಕ್ ಹಾಕಿದರೂ ವಾಹನ ಬೇಗ ನಿಲ್ಲದು, ಬೈಕ್ ಮಗುಚುತ್ತದೆ. ಒಣಬಳ್ಳಿ ಕಾರಿನಡಿ ಸುತ್ತಿಕೊಂಡು ಬಿಸಿಯಾದ ಭಾಗಕ್ಕೆ ತಗುಲಿದರೆ ಬೆಂಕಿಯೂ ಹೊತ್ತಿಕೊಳ್ಳಬಹುದು.

ಮುಂಜಾನೆ ಮಂಜು ಬೇರೆ. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಚಾಲಕ ರಾಶಿಯನ್ನು ಕಂಡು ಬ್ರೇಕ್ ತುಳಿಯುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ! ಎತ್ತರದ ದೀಪದ ಬೆಳಕು ಮಂಜಿನ ಹನಿಗಳಿಗೆ ತಾಗಿ ಚದುರಿ ಕಣ್ಣಿಗೇ ಹೊಡೆಯುತ್ತದೆ. ಆದ್ದರಿಂದ ದೀಪ ತಗ್ಗಿಸಿ, ನಿಧಾನವಾಗಿ ಹೋಗಬೇಕು.

ಹಾಗೆಂದು ರೈತರನ್ನು ಬೈದರೆ ಸಾಲದು. ಕೂಲಿ ದುಬಾರಿ; ಸಗಣಿ ಸಾರಿಸಿ ಗುಂಡು ಉರುಳಿಸುತ್ತಿದ್ದ ಕಣಗಳು ಕಡಿಮೆಯಾಗಿವೆ. ಊರಿಗೊಂದು ಸಿಮೆಂಟ್ ಕಣ ಕಟ್ಟುವುದೇ ಸರಿಯಾದ ಮದ್ದು ಎಂಬುದು ನನ್ನ ಅಭಿಪ್ರಾಯ. ಮಕ್ಕಳ ಗ್ರಾಮಸಭೆಯಲ್ಲಿ ನೀವೇ ಇದನ್ನು ಕೇಳಬಹುದು.

ಅಪಘಾತ ಕಂಡರೆ ರಸ್ತೆಗೆ ಓಡಬೇಡಿ. ದೊಡ್ಡವರನ್ನು ಕೂಗಿ, 108 ಅಥವಾ 112ಕ್ಕೆ ಕರೆ ಮಾಡಿಸಿ. ಗಾಯಾಳುವಿಗೆ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ನೀಡಿದೆ.

ಕಾಳು ಮುಂದಿನ ವರ್ಷವೂ ಬೆಳೆಯುತ್ತದೆ. ಹೋದ ಜೀವ ಮರಳುವುದೇ?