ಟಿಂಕರಿಂಗ್ ಹುಡುಗ ಅಂದ್ರ ಮಾರಿ ತಿರುವಬ್ಯಾಡ್ರಿ

"ಹುಡುಗ ಏನ್ ಮಾಡ್ತಾನ್ರಿ?" ಅಂತ ಕೇಳ್ತಾರ. "ಬಾಡಿ ಶಾಪ್‌ನ್ಯಾಗ ಟಿಂಕರಿಂಗ್, ಪೇಂಟಿಂಗ್" ಅಂದಕೂಡ್ಲೆ ನಮ್ಮ ಮಂದಿ ಮಾತು ಬದಲಿಸ್ತಾರ. ನನ್ನ ತಂಗಿ ಮಗಗ ಎರಡು ಸಂಬಂಧ ಹಿಂಗ ತಪ್ಪಿದ್ವು. ಅದಕ್ಕ ನಾಕು ಮಾತು ಹೇಳಬೇಕನಿಸೇತಿ.

ಅಪಘಾತ ಆದ ಗಾಡಿ ಸರಿ ಮಾಡೂದಂದ್ರ ಬರೇ ಸುತ್ತಿಗಿ ಹಿಡದು ಬಡಿಯೂದಲ್ಲ. ಈಗಿನ ಕಾರಿನ ಮುಂದಿನ ಭಾಗ ಪೆಟ್ಟು ತಾನ ತಿಂದು ಮಡಚಿಕೊಳ್ಳೂ ಹಂಗ ಮಾಡಿರ್ತಾರ, ಒಳಗ ಕುಂತವರಿಗೆ ಪೆಟ್ಟು ಕಡಿಮಿ ಆಗಲಿ ಅಂತ. ಬಾಗಿಲ ನಡುವಿನ ಕಂಬಕ್ಕ ಭಾಳ ಗಟ್ಟಿ ಉಕ್ಕು ಹಾಕಿರ್ತಾರ. ಅದನ್ನ ಗ್ಯಾಸ್ ಹಚ್ಚಿ ಕಾಸಿ ನೆಟ್ಟಗ ಮಾಡಿದ್ರ ನೋಡಾಕ ಚಂದ ಕಾಣ್ತೈತಿ, ಆದ್ರ ಅದರ ಬಲ ಹೋಗಿರ್ತೈತಿ. ಮ್ಯಾಲೆ ಬಣ್ಣ ಹೊಡದ್ರ ನಮಗ ಗೊತ್ತಾಗೂದಿಲ್ಲ, ಮತ್ತೊಮ್ಮೆ ಗುದ್ದಿದಾಗ ಗೊತ್ತಾಗ್ತೈತಿ. ಯಾವುದು ಬಡದು ಸರಿ ಮಾಡೂದು, ಯಾವುದು ಬದಲಿಸೂದು ಅಂತ ತಿಳಿದ ಹುಡುಗನ ಕೈಯಾಗ ನಮ್ಮ ಮಕ್ಕಳ ಜೀವ ಐತ್ರೆವ್ವಾ. ಇದನ್ನ ಕಲಸಾಕ ಐಟಿಐದಾಗ ಕೋರ್ಸೂ ಅದಾವ, ಬಾಡಿ ರಿಪೇರಿಗೆ ಒಂದು, ಪೇಂಟಿಂಗಿಗೆ ಒಂದು.

"ಆ ಬಣ್ಣದ ಗಾಳಿ ಕುಡದು ಹುಡುಗನ ಎದಿ ಕೆಡ್ತೈತಿ" ಅಂತೀರಿ. ಖರೇ ಐತಿ. ಪುಟ್ಟಿ ತಿಕ್ಕುವಾಗ ಧೂಳು ಏಳ್ತೈತಿ. ಬಣ್ಣದಾಗ ಕಲಸೂ ಹಾರ್ಡ್‌ನರ್‌ನ್ಯಾಗ ಐಸೊಸಯನೇಟ್ ಅನ್ನೂದು ಇರ್ತೈತಿ, ಅದರಿಂದ ದಮ್ಮು ಬರ್ತೈತಿ. ವಾಸನಿ ಬರಲಿಲ್ಲಂದ್ರೂ ಅಪಾಯ ಇರ್ತೈತಿ. ಒಮ್ಮೆ ಒಗ್ಗದಂಗಾತಂದ್ರ ಆಮ್ಯಾಲೆ ಚೂರು ಸೋಕಿದ್ರೂ ಉಸಿರು ಹಿಡಿತೈತಿ. ಮೂಗಿಗೆ ಕರ್ಚೀಪು ಕಟ್ಟಿಕೊಂಡ್ರ ಏನೂ ಆಗೂದಿಲ್ಲ. ಬಣ್ಣ ಹೊಡಿಯಾಕ ಬ್ಯಾರೆ ಬೂತ್ ಬೇಕು, ಪೈಪಿನಿಂದ ಚೊಲೊ ಗಾಳಿ ಬರೂ ಮಾಸ್ಕ್ ಬೇಕು.

ಹಂಗಂತ ಕೆಲಸ ಬಿಡು ಅನ್ನೂದು ಸರಿ ಅಲ್ಲ. ಎಲ್ಲಾರೂ ಬಿಟ್ರ ಗುದ್ದಿದ ಗಾಡಿ ಯಾರು ಸರಿ ಮಾಡವ್ರು? ತಪ್ಪು ಕೆಲಸದ್ದಲ್ಲ, ಮಾಸ್ಕ್ ಕೊಡದ ಮಾಲಕಂದು. ಬಿಲ್ಲಿನ ಮ್ಯಾಲೆ ಐನೂರು ಕಡಿಮಿ ಮಾಡು ಅಂತ ಜಗ್ಗಾಡೂ ನಾವೂ ಒಂದು ಮಾತು ಕೇಳಬಹುದು: "ಬಣ್ಣ ಹೊಡಿಯೂ ಹುಡುಗಗ ಏನು ಕೊಟ್ಟೀರಿ?" ಹತ್ತು ಮಂದಿ ಗಿರಾಕಿ ಕೇಳಿದ್ರ ಮಾಲಕಗೂ ನಾಚಿಕಿ ಬರ್ತೈತಿ.

ಹೆಣ್ಣು ಕೊಡವ್ರು ಪಗಾರ ಕೇಳ್ರಿ, ಬ್ಯಾಡನ್ನೂದಿಲ್ಲ. ಅದರ ಜೋಡಿ, ಕೆಲಸದ ಜಾಗಾಕ್ಕ ಹೋಗಿ ಮಾಸ್ಕ್ ಐತೋ ಇಲ್ಲೋ ನೋಡ್ಕೊಂಡು ಬರ್ರಿ. ಕೈಗೆ ಬಣ್ಣ ಹತ್ತಿದ್ದು ತೊಳದ್ರ ಹೋಗ್ತೈತಿ.